ಒಂದು ಬೋರ್ಡು ಎಷ್ಟು ವರ್ಷ ಬಾಳಬೇಕು?

ಮುಂಬೈಯ ಫೋರ್ಟ್ ಭಾಗದ ಸೇಂಟ್ ಥಾಮಸ್ ಕೆಥೆಡ್ರಲ್ ಒಂದು ಕಾಲಕ್ಕೆ ಆ ಊರಿನ ಸೊನ್ನೆಯಾಗಿತ್ತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಊರಿನ ರಸ್ತೆಗಳನ್ನು ಆ ಚರ್ಚಿನಿಂದ ಅಳೆದು ಮೈಲಿಗೊಂದರಂತೆ ಕರಿಕಲ್ಲು ನೆಟ್ಟರು. ಕಲ್ಲಿನ ಮೇಲೆ ರೋಮನ್ ಅಂಕಿ, ಚರ್ಚಿನಿಂದ ಇಷ್ಟು ಮೈಲಿ ಎಂಬ ಬರಹ, ಅಷ್ಟೇ. ಬಸಾಲ್ಟ್ ಕಲ್ಲಾದ್ದರಿಂದ ಮುಂಬೈಯ ಮಳೆಗಾಲಕ್ಕೂ ಅದು ಜಗ್ಗಲಿಲ್ಲ. ಆದರೆ ರಸ್ತೆ ಮೇಲೆದ್ದಿತು. ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು, ಡಾಂಬರಿನ ಮೇಲೆ ಮತ್ತೆ ಡಾಂಬರು, ಪಕ್ಕದಲ್ಲಿ ಪೇವರ್ ಬ್ಲಾಕು. ಹೀಗೆ ಪದರ ಕೂಡುತ್ತಾ ಹೋಗಿ ಹಲವು ಕಲ್ಲುಗಳು ಕುತ್ತಿಗೆಯವರೆಗೆ ಹೂತುಹೋದವು. ಫುಟ್‌ಪಾತಿನ ಅಂಚಿನಲ್ಲಿ ಕಾಲಿಗೆ ಎಡವುವ ಆ ಮೋಟು ಕಲ್ಲು ಒಂದು ಕಾಲಕ್ಕೆ ದಾರಿ ಹೇಳುತ್ತಿತ್ತೆಂದು ಪಕ್ಕದಲ್ಲೇ ಅಂಗಡಿ ಇಟ್ಟವರಿಗೂ ಗೊತ್ತಿರಲಿಲ್ಲ.

ಇವತ್ತು ಹಸಿರು ಕಟ್ಟಡ ಎಂಬ ಮನ್ನಣೆ ಬಯಸುವ ಆಫೀಸಿಗೋ ಆಸ್ಪತ್ರೆಗೋ ದಿಕ್ಕು ತೋರಿಸುವ ಫಲಕಗಳನ್ನು ಮಾಡುವವರಿಗೆ ಎರಡು ಬೇಡಿಕೆಗಳು ಬರುತ್ತವೆ. ಫಲಕ ಬಹುಕಾಲ ಬಾಳಬೇಕು, ಪರಿಸರಕ್ಕೆ ಹೊರೆಯಾಗಬಾರದು. ಎರಡೂ ಒಂದೇ ಮಾತಿನಂತೆ ಕೇಳಿಸುತ್ತದೆ: ಹೆಚ್ಚು ಕಾಲ ಬಾಳಿದ್ದನ್ನು ಮತ್ತೆ ಮಾಡಬೇಕಾಗಿಲ್ಲ, ಎಸೆಯಬೇಕಾಗಿಲ್ಲ. ಆದರೆ ಬೋರ್ಡುಗಳ ಇತಿಹಾಸ ಬೇರೆ ಕಥೆ ಹೇಳುತ್ತದೆ. ಬೋರ್ಡು ಮಳೆ ಬಿಸಿಲಿಗೆ ಸಾಯುವುದಕ್ಕಿಂತ ಹೆಚ್ಚಾಗಿ ಅದರ ಮಾತು ಹಳತಾಗಿ ಸಾಯುತ್ತದೆ. ಅಕೌಂಟ್ಸ್ ವಿಭಾಗ ಮೂರನೆಯ ಮಹಡಿಯಿಂದ ಐದಕ್ಕೆ ಹೋಗುತ್ತದೆ, ಕಂಪನಿ ಹೆಸರು ಬದಲಿಸುತ್ತದೆ, ಊರೇ ಹೆಸರು ಬದಲಿಸುತ್ತದೆ. ಆಗ ನೂರು ವರ್ಷ ಬಾಳುವ ಹಲಗೆ ನೂರು ವರ್ಷ ಸುಳ್ಳು ಹೇಳುತ್ತಾ ನಿಲ್ಲುತ್ತದೆ, ಇಲ್ಲವೇ ಹೊಚ್ಚಹೊಸದಾಗಿದ್ದರೂ ಗುಜರಿಗೆ ಹೋಗುತ್ತದೆ.

ದೆಹಲಿಯವರಿಗೆ ಈ ಮಾತಿನ ಒಂದು ಹಳೆಯ ಉದಾಹರಣೆ ಪ್ರಾಣಿ ಸಂಗ್ರಹಾಲಯದ ಆವರಣದೊಳಗೇ ಸಿಗುತ್ತದೆ. ಅಲ್ಲಿ ಒಂದು ಕೋಸ್ ಮಿನಾರ್ ಇದೆ. ಮೊಘಲರ ಕಾಲದ ಹೆದ್ದಾರಿಗಳ ಉದ್ದಕ್ಕೂ ಕೋಸಿಗೊಂದರಂತೆ, ಅಂದರೆ ಸುಮಾರು ಮೂರು ಕಿಲೋಮೀಟರಿಗೊಂದರಂತೆ, ಇಟ್ಟಿಗೆ ಗಾರೆಯ ಈ ಕಂಬಗಳನ್ನು ಕಟ್ಟಿದ್ದರು. ಎತ್ತರ ಸುಮಾರು 30 ಅಡಿ. ಓದು ಬಾರದ ಎತ್ತಿನ ಬಂಡಿಯವನಿಗೂ ಕುದುರೆ ಸವಾರನಿಗೂ ದೂರದಿಂದ ಕಾಣುವ ಆಕಾರವೇ ಅದರ ಭಾಷೆ. ಊರಿನ ಹೆಸರು ಬರೆಯದ ಕಾರಣ ಆ ಮಾತು ಹಳತಾಗಲಿಲ್ಲ, ದಾರಿಯೇ ಬೇರೆ ಕಡೆ ಹೊರಳುವವರೆಗೂ ಸರಿಯಾಗೇ ಇತ್ತು.

ಕರ್ನಾಟಕದ ಹೊಲಗಳಲ್ಲಿ ಸಿಗುವ ಗಡಿಕಲ್ಲುಗಳದ್ದೂ ಇದೇ ಉಪಾಯ. ಬ್ರಾಹ್ಮಣರಿಗೆ ದಾನ ಕೊಟ್ಟ ಭೂಮಿಯ ಎಲ್ಲೆಗೆ ಕೊಡೆ ಕಮಂಡಲ ಹಿಡಿದ ವಾಮನನ ಚಿತ್ರದ ಕಲ್ಲು, ಶೈವ ದೇಗುಲದ ಭೂಮಿಗೆ ಲಿಂಗಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ದಾನ ಯಾರದು, ಎಷ್ಟು, ತಪ್ಪಿದರೆ ಏನು ಪಾಪ ಎಂಬ ಉದ್ದನೆಯ ಮಾತೆಲ್ಲ ಊರೊಳಗಿನ ಶಾಸನದಲ್ಲಿ. ಎಲ್ಲೆಯಲ್ಲಿ ಬರಿ ಚಿತ್ರ. ಚಿತ್ರಫಲಕ ಎಂದರೆ ವಿಮಾನ ನಿಲ್ದಾಣಗಳ ಜೊತೆ ಬಂದದ್ದು ಎಂದುಕೊಳ್ಳುವವರು ಈ ಕಲ್ಲುಗಳನ್ನು ಒಮ್ಮೆ ನೋಡಬೇಕು.

ಮರದ ಕಥೆ ಬೇರೆ. ಕವಲು ದಾರಿಯಲ್ಲಿ ಕೈಚಾಚಿದಂತೆ ಹಲಗೆ ಹೊತ್ತು ನಿಲ್ಲುವ ಕಂಬಕ್ಕೆ ಕನ್ನಡದಲ್ಲಿ ಕೈಮರ ಎಂಬ ಸೊಗಸಾದ ಮಾತಿದೆ. ಮಲೆನಾಡಿನ ಮಳೆಗೆ ಅಂಥ ಕಂಬ ಎಷ್ಟು ವರ್ಷ ನಿಂತೀತು? ಗೆದ್ದಲು ಹಿಡಿದರೆ ಇನ್ನೂ ಬೇಗ. ಆದರೆ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆ ಹೋಗುವವರು ಇಂದಿಗೂ ಕೈಮರ ಎಂಬ ಜಾಗ ದಾಟಿಯೇ ಹೋಗುತ್ತಾರೆ. ಕಂಬದ ಹೆಸರೇ ಊರಿನ ಹೆಸರಾಗಿ, ಮಣ್ಣಿಗೆ ಮರಳುವ ವಸ್ತುವಿನಿಂದ ಆದ ಫಲಕವೊಂದು ಜನರ ಬಾಯಲ್ಲಿ ಉಳಿದುಬಿಟ್ಟಿದೆ.

ಗಾಜಿನ ಚರ್ಮ

ಕಾರ್ಖಾನೆಯಲ್ಲಿ ತಯಾರಾದ ಫಲಕಗಳಲ್ಲಿ ಅತಿ ದೀರ್ಘ ಕಾಲ ಬಾಳಿದ್ದು ಯಾವುದು ಎಂದು ಕೇಳಿದರೆ ಉತ್ತರ ಎನಾಮಲ್. ಬಣ್ಣದ ಡಬ್ಬಿಯಲ್ಲಿ ಬರುವ ಎನಾಮಲ್ ಪೇಂಟಿಗೂ ಇದಕ್ಕೂ ಹೆಸರಿನ ಸಂಬಂಧ ಮಾತ್ರ. ಹಳೆಯ ಮನೆಗಳಲ್ಲಿದ್ದ ಬಿಳಿ ತಟ್ಟೆ, ನೀಲಿ ಅಂಚಿನ ಚಹಾ ಮಗ್ಗು, ಆಸ್ಪತ್ರೆಯ ಟ್ರೇ, ಇವುಗಳ ಮೈಮೇಲಿನ ಗಾಜಿನ ಪದರವೇ ಇದು. ಗಾಜನ್ನು ಪುಡಿ ಮಾಡಿ, ತೊಳೆದು ಶುದ್ಧ ಮಾಡಿದ ಕಬ್ಬಿಣದ ತಗಡಿನ ಮೇಲೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ ಇಡುತ್ತಾರೆ. ಗಾಜು ಕರಗಿ ಕಬ್ಬಿಣಕ್ಕೆ ಬೆಸೆದುಕೊಳ್ಳುತ್ತದೆ. ಮೊದಲ ಪದರದಲ್ಲಿ ಕೋಬಾಲ್ಟ್ ಬೆರೆಸುವುದು ಈ ಬೆಸುಗೆ ಗಟ್ಟಿಯಾಗಲೆಂದು. ಅದರ ಮೇಲೆ ಬಿಳಿ, ಒಣಗಿದ ಬಿಳಿಯ ಮೇಲೆ ನೀಲಿ ಪುಡಿ, ಅದರ ಮೇಲೆ ಅಕ್ಷರ ಕೊರೆದ ಅಚ್ಚು ಇಟ್ಟು ಬೇಡದ ಪುಡಿಯನ್ನು ಬ್ರಷ್ಷಿನಿಂದ ಒರೆಸಿ ತೆಗೆಯುವುದು. ಪ್ರತಿ ಬಣ್ಣಕ್ಕೂ ಮತ್ತೊಮ್ಮೆ ಕುಲುಮೆ. ಕೆಲಸ ನಿಧಾನ, ಸೌದೆಯೋ ಕಲ್ಲಿದ್ದಲೋ ಅನಿಲವೋ ಹೇರಳವಾಗಿ ಬೇಕು. ಆದರೆ ಬಣ್ಣ ಗಾಜಿನೊಳಗೇ ಸೇರಿರುವುದರಿಂದ ಬಿಸಿಲಿಗೆ ಮಾಸುವುದಿಲ್ಲ.

ಪ್ಯಾರಿಸ್ ನಗರ 1844ರಲ್ಲಿ ತನ್ನ ಬೀದಿಗಳಿಗೆ ನೀಲಿ ನೆಲದ ಮೇಲೆ ಬಿಳಿ ಅಕ್ಷರದ ಫಲಕಗಳನ್ನು ಒಪ್ಪಿಕೊಂಡಾಗ, ವೋಲ್ವಿಕ್ ಎಂಬಲ್ಲಿನ ಜ್ವಾಲಾಮುಖಿ ಕಲ್ಲಿನ ಮೇಲೂ ಇದೇ ಗಾಜಿನ ಪದರ ಬೇಯಿಸಿ ಅಂಟಿಸಿದ ಫಲಕಗಳು ಬಂದವು. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಸುತ್ತ 19ನೇ ಶತಮಾನದ ಕೊನೆಗೆ ಇದೊಂದು ದೊಡ್ಡ ಉದ್ಯಮವೇ ಆಯಿತು. ಲಂಡನ್ನಿನ ಸುರಂಗ ರೈಲಿನ ಪ್ಲಾಟ್‌ಫಾರ್ಮ್‌ಗಳಲ್ಲಿ ಕಾಣುವ ಕೆಂಪು ವೃತ್ತ, ನೀಲಿ ಪಟ್ಟಿಯ ಫಲಕಗಳನ್ನು ಇಂದಿಗೂ ಎನಾಮಲ್ಲಿನಲ್ಲೇ ಮಾಡಿಸುತ್ತಾರೆ. ದಿನಕ್ಕೆ ಲಕ್ಷಾಂತರ ಜನ ಓಡಾಡುವ ಕಡೆ ಉಜ್ಜಿ ತೊಳೆದಷ್ಟೂ ಹೊಸದಾಗಿ ಕಾಣುವ ವಸ್ತು ಬೇರೆ ಸಿಗದೆ ಹೋಗಿದ್ದೇ ಅದಕ್ಕೆ ಕಾರಣ.

ಎನಾಮಲ್ ಬೋರ್ಡಿನ ಮರಣ ಯಾವಾಗಲೂ ಒಂದೇ ಕಡೆ ಶುರುವಾಗುತ್ತದೆ: ಸ್ಕ್ರೂ ಹಾಕಿದ ತೂತು. ಯಾರೋ ಜೋರಾಗಿ ತಿರುಗಿಸುತ್ತಾರೆ, ಗಾಜು ಚಕ್ಕೆ ಏಳುತ್ತದೆ, ಒಳಗಿನ ಕಬ್ಬಿಣಕ್ಕೆ ನೀರು ತಾಗುತ್ತದೆ. ಅಲ್ಲಿಂದ ತುಕ್ಕು ಹಬ್ಬುತ್ತದೆ. ಹಳೆಯ ಬೋರ್ಡುಗಳಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಂದು ಹೂವು ಅರಳಿದಂತೆ ಕಾಣುವುದು ಇದರಿಂದಲೇ. ಮೆತ್ತನೆಯ ವಾಷರ್ ಒಂದನ್ನು ಸ್ಕ್ರೂವಿನ ಕೆಳಗೆ ಇಟ್ಟಿದ್ದರೆ ಬೋರ್ಡು ಇನ್ನೊಂದು ತಲೆಮಾರು ಬಾಳುತ್ತಿತ್ತು. ಹಸಿರು ಕಟ್ಟಡಗಳ ಕೈಪಿಡಿಗಳು ವಸ್ತುವಿನ ಆಯ್ಕೆಗೆ ಕೊಡುವಷ್ಟು ಪುಟಗಳನ್ನು ವಾಷರಿಗೆ ಕೊಡುವುದಿಲ್ಲ.

ಎನಾಮಲ್ಲಿಗೆ ಮತ್ತೊಂದು ಮುಖವೂ ಇತ್ತು. ಹಳೆಯ ಎನಾಮಲ್ ಪುಡಿಗಳಲ್ಲಿ ಸೀಸ ಇರುತ್ತಿತ್ತು, ಕೆಂಪು ಹಳದಿಗೆ ಕ್ಯಾಡ್ಮಿಯಂ ಹಾಕುತ್ತಿದ್ದರು. ಗೋಡೆಯ ಮೇಲಿನ ಬೋರ್ಡಿನಿಂದ ದಾರಿಹೋಕರಿಗೆ ಅಪಾಯವಿರಲಿಲ್ಲ. ಪುಡಿ ಉದುರಿಸಿ ಒರೆಸುತ್ತಿದ್ದ ಕೆಲಸಗಾರರು, ಅವರಲ್ಲಿ ಬಹಳಷ್ಟು ಹೆಂಗಸರು, ಅದನ್ನು ಉಸಿರಾಡುತ್ತಿದ್ದರು. ಬಣ್ಣ ಬಳಿದ ಬೋರ್ಡುಗಳದ್ದೂ ಇದೇ ಸಮಸ್ಯೆ. ದೂರದಿಂದ ಎದ್ದು ಕಾಣುವ ಆ ಗಟ್ಟಿ ಹಳದಿಯನ್ನು ಬಹುಕಾಲ ಕೊಟ್ಟದ್ದು ಲೆಡ್ ಕ್ರೋಮೇಟ್, ಸೀಸದ ಒಂದು ಸಂಯುಕ್ತ. ಭಾರತದಲ್ಲಿ ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ. ಬೋರ್ಡು ಎಷ್ಟು ಬಾಳಿತು ಎಂದು ಲೆಕ್ಕ ಹಾಕುವಾಗ ಅದನ್ನು ಮಾಡಿದವರ ಶ್ವಾಸಕೋಶ ಎಷ್ಟು ಬಾಳಿತು ಎಂಬುದೂ ಲೆಕ್ಕಕ್ಕೆ ಬರಬೇಕಲ್ಲವೇ?

ಹಳದಿ ಹಲಗೆ, ಮೂರು ಸಾಲು

ಹೊರನಾಡ ಕನ್ನಡಿಗರಿಗೆ ಅತಿ ಪರಿಚಿತವಾದ ಬೋರ್ಡು ಯಾವುದೆಂದರೆ ರೈಲು ನಿಲ್ದಾಣದ ಹಳದಿ ಹಲಗೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ಕನ್ನಡ ಅಕ್ಷರ ಕಂಡಾಗ ಮನಸ್ಸಿಗಾಗುವ ಹಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಟ್‌ಫಾರ್ಮಿನ ಎರಡೂ ತುದಿಯಲ್ಲಿ ಎರಡು ಕಂಬಗಳ ನಡುವೆ ನಿಂತ ಕಾಂಕ್ರೀಟ್ ಅಥವಾ ತಗಡಿನ ದೊಡ್ಡ ಹಲಗೆ, ಹಳದಿ ಬಣ್ಣ, ಕಪ್ಪು ಅಕ್ಷರ. ಮೇಲೆ ರಾಜ್ಯದ ಭಾಷೆ, ನಂತರ ಹಿಂದಿ, ಇಂಗ್ಲಿಷ್. ಕೆಳಗೆ ಸಣ್ಣದಾಗಿ ಸಮುದ್ರಮಟ್ಟದಿಂದ ಎತ್ತರ.

ಅಂದವಾಗಿ ಕಾಣಲೆಂದು ಯಾರೂ ಮಾಡಿರದ ಈ ಹಲಗೆಯಲ್ಲಿ ಒಂದು ಜಾಣತನವಿದೆ. ಕಾಂಕ್ರೀಟಿನ ಹಲಗೆಗೆ ದಶಕಗಳ ಆಯುಷ್ಯ. ಅದರ ಮೇಲಿನ ಬಣ್ಣಕ್ಕೆ ಕೆಲವೇ ವರ್ಷ. ಪೇಂಟರ್ ಬರುತ್ತಾನೆ, ಹಳೆಯದರ ಮೇಲೆ ಹೊಸ ಹಳದಿ ಹೊಡೆಯುತ್ತಾನೆ, ಅಕ್ಷರ ಬರೆಯುತ್ತಾನೆ, ಹೋಗುತ್ತಾನೆ. ಊರಿನ ಹೆಸರು ಬದಲಾದರೂ ಹಲಗೆ ಕೀಳಬೇಕಿಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾದಾಗ ಒಂದು ತಮಾಷೆಯೂ ನಡೆಯಿತು. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಬೆಳಗಾವಿಗಳ ಕನ್ನಡ ಸಾಲನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ಕನ್ನಡದಲ್ಲಿ ಅವು ಮೊದಲಿನಿಂದಲೂ ಹಾಗೇ ಇದ್ದವು. ಬದಲಾದದ್ದು ಇಂಗ್ಲಿಷ್ ಸಾಲು. ಗುಲ್ಬರ್ಗಾ ಕಲಬುರಗಿಯಾದ ಕಡೆ, ಬಿಜಾಪುರ ವಿಜಯಪುರವಾದ ಕಡೆ ಮಾತ್ರ ಮೂರೂ ಸಾಲಿಗೆ ಕುಂಚ ಬೇಕಾಯಿತು. ಸಮುದ್ರಮಟ್ಟದ ಅಂಕಿ ಎಲ್ಲ ಕಡೆಯೂ ಇದ್ದಹಾಗೇ ಇತ್ತು. ಮುಂಬೈಯಲ್ಲಂತೂ ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಗಿ, 2017ರಲ್ಲಿ ನಡುವೆ ಮಹಾರಾಜ್ ಎಂಬ ಮಾತು ಸೇರಿತು. ಜನ ಇನ್ನೂ ವಿ.ಟಿ. ಎನ್ನುತ್ತಾರೆ.

ವಾಸ್ತುಶಿಲ್ಪದಲ್ಲಿ ಇದನ್ನು ಒಂದು ತತ್ವವಾಗಿಯೇ ಹೇಳಿದವರಿದ್ದಾರೆ. ಸ್ಟೂವರ್ಟ್ ಬ್ರ್ಯಾಂಡ್ 1994ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಫ್ರ್ಯಾಂಕ್ ಡಫಿ ಎಂಬ ವಾಸ್ತುಶಿಲ್ಪಿಯ ವಿಚಾರವನ್ನು ಬೆಳೆಸಿ, ಕಟ್ಟಡವೆಂದರೆ ಬೇರೆ ಬೇರೆ ವೇಗದಲ್ಲಿ ಹಳತಾಗುವ ಪದರಗಳು ಎಂದರು. ಅಡಿಪಾಯಕ್ಕೆ ಒಂದು ಆಯುಷ್ಯ, ಗೋಡೆಗೆ ಒಂದು, ವೈರಿಂಗಿಗೆ ಒಂದು, ಕುರ್ಚಿ ಮೇಜಿಗೆ ಇನ್ನೊಂದು. ಬೇಗ ಹಳತಾಗುವ ಪದರವನ್ನು ನಿಧಾನದ ಪದರದೊಳಗೆ ಹುದುಗಿಸಿದರೆ ಒಂದರ ಜೊತೆ ಇನ್ನೊಂದನ್ನೂ ಒಡೆಯಬೇಕಾಗುತ್ತದೆ. ಬೋರ್ಡಿಗೂ ಇದೇ ಲೆಕ್ಕ. ರೈಲ್ವೆ ಪೇಂಟರ್ ಆ ಪುಸ್ತಕ ಓದಿರಬೇಕಾಗಿಲ್ಲ.

ಬೋರ್ಡು ಬರೆಯುವವರ ಕೈ ಕಟ್ಟಿದ್ದು ಫ್ಲೆಕ್ಸ್. ಪಿವಿಸಿ ಹಾಳೆಯ ಮೇಲೆ ಕಂಪ್ಯೂಟರಿನಿಂದ ಅಚ್ಚಾಗುವ ಈ ಬ್ಯಾನರುಗಳು 2000ದ ದಶಕದಲ್ಲಿ ಸಣ್ಣ ಊರುಗಳಿಗೂ ಬಂದವು. ಒಂದು ಗಂಟೆಯಲ್ಲಿ ಸಿಗುತ್ತದೆ, ಅಗ್ಗ, ಫೋಟೋ ಬೇಕಾದರೂ ಹಾಕಬಹುದು. ಒಂದೆರಡು ಬೇಸಿಗೆಯಲ್ಲಿ ಬಣ್ಣ ಹೋಗಿ ಹರಿಯುತ್ತದೆ, ಸುಟ್ಟರೆ ವಿಷದ ಹೊಗೆ, ಹೂತರೆ ಕರಗುವುದಿಲ್ಲ. 2018ರಲ್ಲಿ ಕರ್ನಾಟಕ ಹೈಕೋರ್ಟ್ ಬಿಗಿ ಮಾಡಿದ ಮೇಲೆ ಬೆಂಗಳೂರು ಪಾಲಿಕೆ ಫ್ಲೆಕ್ಸುಗಳನ್ನು ಕೀಳಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರೂ ಇದೆ. ಅಷ್ಟರಲ್ಲಿ ಕುಂಚ ಹಿಡಿದಿದ್ದವರಲ್ಲಿ ಬಹುಮಂದಿ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ದೆಹಲಿಯ ಕಲಾವಿದ ಹನೀಫ್ ಕುರೇಶಿ ಇಂಥವರ ಕೈಬರಹವನ್ನು ಊರೂರಿನಿಂದ ಸಂಗ್ರಹಿಸಿ ಕಂಪ್ಯೂಟರ್ ಅಕ್ಷರಗಳಾಗಿ ಉಳಿಸಲು ಹೊರಟಿದ್ದರು. ಅವರು 2024ರಲ್ಲಿ ತೀರಿಕೊಂಡರು.

ಕತ್ತಲಲ್ಲಿ ಕಾಣಬೇಕಾದ್ದು

ಇಲ್ಲಿಯವರೆಗೆ ಹೇಳಿದ ಬೋರ್ಡು ಕಾಣದಿದ್ದರೆ ಹೆಚ್ಚೆಂದರೆ ದಾರಿ ತಪ್ಪಬಹುದು. ಕಾಣದಿದ್ದರೆ ಜೀವ ಹೋಗುವ ಬೋರ್ಡೂ ಒಂದಿದೆ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು ಹೊಗೆ ತುಂಬಿದಾಗ ವಿದ್ಯುತ್ ಹೋಗಿ ಬಾಲ್ಕನಿ ಕತ್ತಲಾಯಿತು. ತುರ್ತು ದೀಪಗಳಿರಲಿಲ್ಲ. ಹೆಚ್ಚುವರಿ ಸೀಟುಗಳಿಗಾಗಿ ಬಲಬದಿಯ ಓಡಾಟದ ಹಾದಿಯನ್ನೇ ಮುಚ್ಚಿದ್ದರು. 59 ಜನ ಸತ್ತರು, ಬಹುಪಾಲು ಉಸಿರುಗಟ್ಟಿ. ಜಪಾನಿನಲ್ಲಿ 1972ರಲ್ಲಿ ಒಸಾಕಾದ ಸೆನ್ನಿಚಿ ಮಳಿಗೆಯ ಬೆಂಕಿಗೆ 118 ಜನ, ಮರುವರ್ಷ ಕುಮಮೋಟೊದ ಇನ್ನೊಂದು ಮಳಿಗೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಹೊರದಾರಿಯ ಗುರುತು ಹೇಗಿರಬೇಕು ಎಂಬುದಕ್ಕೆ ಸ್ಪರ್ಧೆಯನ್ನೇ ನಡೆಸಿದರು. ಬಾಗಿಲ ಕಡೆ ಓಡುವ ಹಸಿರು ಮನುಷ್ಯ ಹುಟ್ಟಿದ್ದು ಹಾಗೆ. ಯುಕಿಯೊ ಓಟ ಎಂಬ ವಿನ್ಯಾಸಕಾರನ ಕೈಯಲ್ಲಿ ರೂಪ ಪಡೆದ ಆ ಚಿತ್ರ 1980ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇಂದು ಚೆನ್ನೈಯ ಮಾಲಿನಲ್ಲೂ ಪುಣೆಯ ಐಟಿ ಪಾರ್ಕಿನಲ್ಲೂ ಅದೇ ಮನುಷ್ಯ ಓಡುತ್ತಿದ್ದಾನೆ.

ಆದರೆ ಕರೆಂಟು ಹೋದಾಗ ಅವನು ಹೇಗೆ ಕಾಣಬೇಕು? ಬೋರ್ಡುಗಳ ಇತಿಹಾಸದ ಅತಿ ಕಹಿಯಾದ ಅಧ್ಯಾಯ ಈ ಪ್ರಶ್ನೆಯ ಸುತ್ತಲೇ ಇದೆ.

ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದರು. ಅದನ್ನು ಜಿಂಕ್ ಸಲ್ಫೈಡಿನ ಜೊತೆ ಬೆರೆಸಿದರೆ ತಾನಾಗಿ ಹೊಳೆಯುವ ಬಣ್ಣ. ಮೊದಲ ಮಹಾಯುದ್ಧದ ಹೊತ್ತಿಗೆ ಗಡಿಯಾರದ ಮುಖಗಳಿಗೆ, ವಿಮಾನದ ಉಪಕರಣಗಳಿಗೆ ಅದನ್ನು ಬಳಿಯತೊಡಗಿದರು. ಮನೆಯ ನಂಬರಿಗೆ, ದೀಪದ ಸ್ವಿಚ್ಚಿಗೆ ಹಚ್ಚಿಕೊಳ್ಳಿ ಎಂದು ಜಾಹೀರಾತುಗಳೂ ಬಂದವು. ಅಮೆರಿಕದ ನ್ಯೂ ಜೆರ್ಸಿಯ ಕಾರ್ಖಾನೆಯಲ್ಲಿ ಅಂಕಿ ಬರೆಯುತ್ತಿದ್ದ ಹುಡುಗಿಯರು ಕುಂಚದ ತುದಿ ಚೂಪಾಗಲೆಂದು ತುಟಿಯ ನಡುವೆ ಇಟ್ಟು ಎಳೆಯುತ್ತಿದ್ದರು. ಹಾಗೆ ಮಾಡಿ ಎಂದು ಕಲಿಸಿದ್ದೇ ಕಾರ್ಖಾನೆ. ಕೆಲವೇ ವರ್ಷಗಳಲ್ಲಿ ಅವರ ದವಡೆಯ ಮೂಳೆ ಕೊಳೆಯಿತು, ರಕ್ತ ಕೆಟ್ಟಿತು. ಐವರು ಹೂಡಿದ್ದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಅದರ ಏಟಿಗೆ ಜಿಂಕ್ ಸಲ್ಫೈಡ್ ಕೆಲವು ವರ್ಷಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಬೆಳಕು ಆರಿಹೋಗುತ್ತದೆ, ವಿಷ ಉಳಿಯುತ್ತದೆ. ಬಾಳಿಕೆ ಎಂಬ ಮಾತನ್ನು ಇದಕ್ಕಿಂತ ಕೆಟ್ಟದಾಗಿ ಅರ್ಥ ಮಾಡಿಕೊಳ್ಳುವುದು ಕಷ್ಟ.

ನಮ್ಮ ಊರುಗಳಲ್ಲಿ ಬೈಕಿನ ನಂಬರ್ ಪ್ಲೇಟಿಗೆ ಸ್ಟಿಕರ್ ಕತ್ತರಿಸಿ ಅಂಟಿಸುವ ಅಂಗಡಿಗೆ ರೇಡಿಯಂ ಅಂಗಡಿ ಎಂದೇ ಹೆಸರು. ಆ ಹಾಳೆಯಲ್ಲಿ ರೇಡಿಯಂನ ಒಂದು ಕಣವೂ ಇಲ್ಲ. ಅದು ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುವ, ನವಿರಾದ ಗಾಜಿನ ಮಣಿಗಳಿರುವ ಪ್ಲಾಸ್ಟಿಕ್ ಹಾಳೆ. ಹೆಸರು ಮಾತ್ರ ಆ ಹುಡುಗಿಯರ ಕಾಲದಿಂದ ಉಳಿದುಕೊಂಡಿದೆ.

ರೇಡಿಯಂನ ಜಾಗಕ್ಕೆ ಬಂದದ್ದು ಟ್ರಿಟಿಯಂ. ಸಣ್ಣ ಗಾಜಿನ ಕೊಳವೆಯೊಳಗೆ ಈ ಅನಿಲ ತುಂಬಿ ಮುಚ್ಚಿದ ಹೊರದಾರಿ ಫಲಕಗಳಿಗೆ ವೈರು ಬೇಡ, ಬ್ಯಾಟರಿ ಬೇಡ, ಬಲ್ಬು ಬೇಡ. ಕರೆಂಟು ಬಿಲ್ಲಿನ ಲೆಕ್ಕ ಮಾತ್ರ ನೋಡಿದರೆ ಇದಕ್ಕಿಂತ ಹಸಿರಾದ ಬೋರ್ಡಿಲ್ಲ. ಅದರ ಕಿರಣ ಚರ್ಮವನ್ನೂ ದಾಟದಷ್ಟು ದುರ್ಬಲ. ಅರ್ಧಾಯುಷ್ಯ 12.3 ವರ್ಷ, ಆದ್ದರಿಂದ ಹತ್ತಿಪ್ಪತ್ತು ವರ್ಷಕ್ಕೆ ಮಂಕಾಗುತ್ತದೆ. ತೊಂದರೆ ಶುರುವಾಗುವುದು ಆಗ. ಅಮೆರಿಕದಲ್ಲಿ ಇಂಥ ಫಲಕವನ್ನು ಕಸಕ್ಕೆ ಹಾಕದೆ ತಯಾರಕರಿಗೆ ಮರಳಿಸಬೇಕೆಂಬ ನಿಯಮವಿದೆ. ಇಪ್ಪತ್ತು ವರ್ಷದ ನಂತರ ಕಟ್ಟಡ ಕೆಡವಲು ಬಂದ ಗುತ್ತಿಗೆದಾರನಿಗೆ ಅದು ನೆನಪಿರಬೇಕಲ್ಲ. ಕೊಳವೆ ಒಡೆದರೆ ಟ್ರಿಟಿಯಂ ನೀರಿನ ಜೊತೆ ಸೇರಿಕೊಳ್ಳುತ್ತದೆ. ಅಲ್ಲಿನ ಕಸದ ಗುಂಡಿಗಳಿಂದ ಜಿನುಗುವ ನೀರಿನಲ್ಲಿ ಅದು ಪತ್ತೆಯೂ ಆಗಿದೆ.

ಮೂರನೆಯ ಉತ್ತರ 1990ರ ದಶಕದಲ್ಲಿ ಜಪಾನಿನಿಂದ ಬಂತು. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ವಸ್ತು ಹಗಲು ಬೆಳಕು ಕುಡಿದು ಕತ್ತಲಲ್ಲಿ ಗಂಟೆಗಟ್ಟಲೆ ಹಸಿರಾಗಿ ಹೊಳೆಯುತ್ತದೆ. ವಿಕಿರಣವಿಲ್ಲ. ಅಂಥ ಬಣ್ಣದಿಂದ ಆಗುವ ಉಪಕಾರ ನ್ಯೂಯಾರ್ಕಿನಲ್ಲಿ ಗೊತ್ತಾಯಿತು. 1993ರ ಫೆಬ್ರುವರಿಯಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದು ವಿದ್ಯುತ್ ಹೋದಾಗ, ಸಾವಿರಾರು ಜನ ಹೊಗೆ ತುಂಬಿದ ಕತ್ತಲ ಮೆಟ್ಟಿಲುಗಳಲ್ಲಿ ಗಂಟೆಗಟ್ಟಲೆ ತಡವರಿಸುತ್ತಾ ಇಳಿದಿದ್ದರು. ಅದಾದ ಮೇಲೆ ಮೆಟ್ಟಿಲಿನ ಅಂಚು, ಕೈಹಿಡಿಕೆ, ಬಾಗಿಲುಗಳಿಗೆ ಹೊಳೆಯುವ ಬಣ್ಣದ ಪಟ್ಟಿ ಬಳಿದರು. 2001ರ ಸೆಪ್ಟೆಂಬರ್ 11ರಂದು ಬದುಕಿ ಇಳಿದು ಬಂದ ಹಲವರು ಆ ಪಟ್ಟಿಯನ್ನು ನೆನಪಿಸಿಕೊಂಡರು. ನ್ಯೂಯಾರ್ಕ್ ನಗರ 2004ರಲ್ಲಿ ಕಾನೂನು ತಂದು 75 ಅಡಿ ಮೀರಿದ ಆಫೀಸು ಕಟ್ಟಡಗಳ ಮೆಟ್ಟಿಲುಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿತು.

ಹಸಿರು ಕಟ್ಟಡದ ವಿನ್ಯಾಸಕಾರರಿಗೆ ಇಲ್ಲೊಂದು ತೊಡಕಿದೆ. ಈ ಬಣ್ಣ ಹೊಳೆಯಬೇಕಾದರೆ ಮೊದಲು ಅದರ ಮೇಲೆ ಸಾಕಷ್ಟು ಬೆಳಕು ಬಿದ್ದಿರಬೇಕು. ವಿದ್ಯುತ್ ಉಳಿಸಲೆಂದು ಯಾರೂ ಇಲ್ಲದಾಗ ಮೆಟ್ಟಿಲಿನ ದೀಪ ತಾನಾಗಿ ಆರುವಂತೆ ಸೆನ್ಸರ್ ಹಾಕಿದರೆ, ಬೇಕಾದ ಹೊತ್ತಿಗೆ ಬಣ್ಣ ಹಸಿದಿರುತ್ತದೆ. ಒಂದು ಒಳ್ಳೆಯ ಉಪಾಯ ಇನ್ನೊಂದನ್ನು ಸದ್ದಿಲ್ಲದೆ ಕೊಲ್ಲುತ್ತದೆ. ದೀಪ ಉರಿಸುವುದಾದರೆ ಎಲ್‌ಇಡಿ ಫಲಕವೇ ಆಗಬಹುದು: 40 ವಾಟಿನ ಹಳೆಯ ಬಲ್ಬಿನ ಹೊರದಾರಿ ಫಲಕ ವರ್ಷಪೂರ್ತಿ ಉರಿದರೆ ಸುಮಾರು 350 ಯೂನಿಟ್, 5 ವಾಟಿನ ಎಲ್‌ಇಡಿ ಉರಿದರೆ ಸುಮಾರು 44. ಅದಕ್ಕೊಂದು ಬ್ಯಾಟರಿ ಬೇಕು, ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಾಗಬೇಕು. ಹಾಗಾಗಿ ಫಲಕ ಕೊಂಡ ದಿನವೇ ಅದನ್ನು ನೋಡಿಕೊಳ್ಳುವವರು ಯಾರೆಂದೂ ತೀರ್ಮಾನವಾಗಬೇಕು.

ಪಾಯಿಂಟಿಗಾಗಿ ಬೋರ್ಡು

ಅಮೆರಿಕದ ಹಸಿರು ಕಟ್ಟಡ ಮಂಡಳಿ 1993ರಲ್ಲಿ ಹುಟ್ಟಿ, ಲೀಡ್ ಎಂಬ ಅಂಕಪಟ್ಟಿಯನ್ನು 1998ರಲ್ಲಿ ಪ್ರಯೋಗಕ್ಕೆ ತಂದಿತು. ಭಾರತದಲ್ಲಿ ಅದರ ಮೊದಲ ದೊಡ್ಡ ಗುರುತು ಹೈದರಾಬಾದಿನ ಸಿಐಐ ಸೊರಾಬ್‌ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್. ವಡೋದರದ ವಾಸ್ತುಶಿಲ್ಪಿ ಕರಣ್ ಗ್ರೋವರ್ ರೂಪಿಸಿದ ಈ ಕಟ್ಟಡಕ್ಕೆ ಲೀಡ್‌ನ ಪ್ಲಾಟಿನಂ ಮನ್ನಣೆ ಸಿಕ್ಕಿತು. ಅಮೆರಿಕದ ಹೊರಗೆ ಅದೇ ಮೊದಲು. 2004ರ ಜುಲೈ 14ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ನಡುವೆ ದುಂಡನೆಯ ತೆರೆದ ಅಂಗಳ, ಅದರ ಸುತ್ತ ಓಡಾಟದ ಹಾದಿ, ಜಾಲಂಧ್ರ. ನಮ್ಮ ತೊಟ್ಟಿಮನೆಯ ದೂರದ ನೆಂಟ ಎನ್ನಬಹುದು. ಅಂಗಳ ಕಣ್ಣಿಗೆ ಬೀಳುತ್ತಿರುವವರೆಗೆ ಒಳಗೆ ಬಂದವರಿಗೆ ತಾವು ಎಲ್ಲಿದ್ದೇವೆಂಬುದು ತಿಳಿದಿರುತ್ತದೆ.

ದಾರಿ ಕಂಡುಕೊಳ್ಳುವುದು ಎಂಬ ವಿಷಯಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟ ಕೆವಿನ್ ಲಿಂಚ್ ಹೇಳಿದ್ದೂ ಇದನ್ನೇ. 1960ರ ಪುಸ್ತಕದಲ್ಲಿ ಅವರು ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲಿಸ್ ನಗರಗಳ ಜನ ತಮ್ಮ ಊರನ್ನು ತಲೆಯಲ್ಲಿ ಹೇಗೆ ಇಟ್ಟುಕೊಂಡಿರುತ್ತಾರೆಂದು ಕೇಳಿ ನೋಡಿದರು. ಜನ ನೆನಪಿಟ್ಟುಕೊಳ್ಳುತ್ತಿದ್ದುದು ದಾರಿ, ಅಂಚು, ಪೇಟೆ, ಕೂಡುವ ಜಾಗ, ಎದ್ದು ಕಾಣುವ ಗುರುತು, ಈ ಐದನ್ನು. ಕಟ್ಟಡದ ಆಕಾರವೇ ಇವನ್ನು ಒದಗಿಸಿದರೆ ಎಷ್ಟೋ ಬೋರ್ಡು ಬೇಕಾಗುವುದೇ ಇಲ್ಲ. ಒಂದೇ ತರಹದ ಕಾರಿಡಾರುಗಳನ್ನು ಕಟ್ಟಿ, ನಂತರ ಪ್ರತಿ ತಿರುವಿಗೂ ಬಾಣದ ಗುರುತು ನೇತುಹಾಕುವುದು, ಅಡುಗೆ ಕೆಟ್ಟ ಮೇಲೆ ಉಪ್ಪಿನಕಾಯಿ ಬಡಿಸಿದಂತೆ.

ಲೀಡ್ ಅಂಕಪಟ್ಟಿಯಲ್ಲಿ ಬೋರ್ಡಿಗೂ ಒಂದು ಜಾಗ ಸಿಕ್ಕಿತು, ಆದರೆ ವಿಚಿತ್ರ ರೀತಿಯಲ್ಲಿ. ಕಟ್ಟಡದ ಹಸಿರು ಗುಣಗಳನ್ನು ಬಂದವರಿಗೆ ತಿಳಿಸುವ ಫಲಕಗಳನ್ನು ಕಟ್ಟಡದುದ್ದಕ್ಕೂ ಹಾಕುವುದು, ಶಿಕ್ಷಣದ ಹೆಸರಿನಲ್ಲಿ ಒಂದು ಪಾಯಿಂಟ್ ಗಳಿಸುವ ದಾರಿಗಳಲ್ಲಿ ಒಂದಾಯಿತು. ಈ ಟಾಯ್ಲೆಟ್ಟು ನೀರು ಉಳಿಸುತ್ತದೆ, ಈ ನೆಲಹಾಸು ಮರುಬಳಕೆಯದು. ಹೀಗೆ ಹೇಳುವ ಫಲಕ ಅಕ್ರಿಲಿಕ್ಕಿನದ್ದೇ, ಹಿಂದೆ ಅಂಟು ಹಾಕಿದ್ದೇ ಎಂದು ಯಾರೂ ತಿರುಗಿಸಿ ನೋಡಬೇಕಾಗಿರಲಿಲ್ಲ. ಒಳಾಂಗಣದ ಬಣ್ಣ ಮತ್ತು ಅಂಟುಗಳಿಂದ ಏಳುವ ಆವಿಗೆ ಮಿತಿ ಇದೆ, ಸರಿ. ಆದರೆ ಕಟ್ಟಡದ ಒಟ್ಟು ಸಾಮಗ್ರಿಯಲ್ಲಿ ಬೋರ್ಡುಗಳ ತೂಕ ಚಿಕ್ಕದಾದ್ದರಿಂದ ಲೆಕ್ಕ ಹಾಕುವವರ ಕಣ್ಣು ಅತ್ತ ಹೋಗುವುದು ಅಪರೂಪ.

ಆದರೂ ಈ ಕೆಲಸ ಬಲ್ಲವರು ಈಗ ರೈಲ್ವೆ ಹಲಗೆಯ ಕಡೆಗೇ ಬರುತ್ತಿದ್ದಾರೆ. ಗೋಡೆಗೆ ಕಚ್ಚಿಕೊಳ್ಳುವ ಭಾಗ ಅಲ್ಯುಮಿನಿಯಂ ಚೌಕಟ್ಟು. ಅದಿರಿನಿಂದ ಹೊಸದಾಗಿ ಅಲ್ಯುಮಿನಿಯಂ ತೆಗೆಯಲು ಬೇಕಾದ ಶಕ್ತಿಯ ಇಪ್ಪತ್ತನೇ ಒಂದು ಭಾಗದಲ್ಲಿ ಹಳೆಯದನ್ನು ಕರಗಿಸಿ ಮತ್ತೆ ಬಳಸಬಹುದು. ಅದಕ್ಕೆ ಅಂಟಿನ ಬದಲು ಸ್ಕ್ರೂ, ಏಕೆಂದರೆ ಅಂಟಿಸಿದ ಎರಡು ವಸ್ತುಗಳನ್ನು ಗುಜರಿಯವನು ಬೇರೆ ಮಾಡಲಾರ. ಚೌಕಟ್ಟಿನೊಳಗೆ ಜಾರಿಸಿ ಕೂರಿಸುವ ಪಟ್ಟಿಯಲ್ಲಿ ವಿಭಾಗದ ಹೆಸರು, ಬದಲಾದರೆ ಆ ಪಟ್ಟಿ ಮಾತ್ರ ಹೊಸದು. ಮಹಡಿಯ ಅಂಕಿ, ಶೌಚಾಲಯದ ಚಿತ್ರ, ಹೊರದಾರಿ, ಎಂದರೆ ಮಾತು ಹಳತಾಗದ ಕಡೆ, ಕಲ್ಲಿನಲ್ಲೋ ಎನಾಮಲ್ಲಿನಲ್ಲೋ ಶಾಶ್ವತವಾಗಿ. ಕೆಲವು ಕಡೆ ಹಲಗೆಯೇ ಇಲ್ಲ, ಅಚ್ಚು ಇಟ್ಟು ಗೋಡೆಯ ಮೇಲೇ ಬಣ್ಣ.

ಆ ಅಚ್ಚಿನ ಕೆಲಸದಲ್ಲಿ ಕನ್ನಡಕ್ಕೆ ತನ್ನದೇ ಕಷ್ಟವಿದೆ. ಇಂಗ್ಲಿಷಿನ ಸೊನ್ನೆ ಕೊರೆದರೆ ನಡುವಿನ ತುಂಡು ಬಿದ್ದುಹೋಗದಂತೆ ಎರಡು ಸೇತುವೆ ಬಿಟ್ಟರೆ ಸಾಕು. ಕನ್ನಡದ ಠ ಕೊರೆಯುವಾಗ ಹೊರಗಿನ ವೃತ್ತಕ್ಕೂ ಸೇತುವೆ ಬೇಕು, ಒಳಗಿನ ಚುಕ್ಕೆ ಎಲ್ಲಿ ಕೂರುತ್ತದೆಂಬ ಲೆಕ್ಕವೂ ಬೇಕು. ಅ, ಒ, ಧ, ಥ ಎಲ್ಲವೂ ಸುತ್ತಿ ಮುಚ್ಚಿಕೊಳ್ಳುವ ಅಕ್ಷರಗಳೇ. ಇನ್ನು ಒತ್ತಕ್ಷರ. ಇಂಗ್ಲಿಷ್ ಸಾಲಿನ ಎತ್ತರಕ್ಕೆ ಅಳೆದ ಪಟ್ಟಿಯಲ್ಲಿ ‘ವೈದ್ಯಕೀಯ’ ಎಂದು ಬರೆದರೆ ಯ ಒತ್ತು ಪಟ್ಟಿಯ ಕೆಳಗಿನ ಅಂಚಿಗೆ ಬಡಿಯುತ್ತದೆ. ಅದನ್ನು ಒಳಗೆ ತರಲು ಇಡೀ ಪದವನ್ನು ಕುಗ್ಗಿಸುತ್ತಾರೆ, ಕನ್ನಡ ಸಾಲು ಇಂಗ್ಲಿಷಿಗಿಂತ ಚಿಕ್ಕದಾಗುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಕನ್ನಡ ಸಣ್ಣದಾಗಿ ಕಾಣುವುದರ ಹಿಂದೆ ಭಾಷೆಯ ರಾಜಕೀಯದ ಜೊತೆಗೆ ಈ ಅಳತೆಪಟ್ಟಿಯೂ ಇದೆ. ಹಳೆಯ ಪೇಂಟರ್ ಮೊದಲು ಒತ್ತಿಗೆ ಜಾಗ ಬಿಟ್ಟು ಆಮೇಲೆ ಗೆರೆ ಎಳೆಯುತ್ತಿದ್ದ.

ಮುಂಬೈಯ ಮೈಲಿಗಲ್ಲುಗಳಿಗೆ ಈಚಿನ ವರ್ಷಗಳಲ್ಲಿ ಮತ್ತೆ ಗಮನ ಸಿಕ್ಕಿದೆ. ಪಾರಂಪರಿಕ ವಸ್ತುಗಳ ಪಟ್ಟಿಗೆ ಸೇರಿಸಿ, ಕೆಲವನ್ನು ಅಗೆದು ಹೊರತೆಗೆದು ಇಂದಿನ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ ನಿಲ್ಲಿಸಿದ್ದಾರೆ. ಎರಡು ಶತಮಾನ ಮಣ್ಣು, ನೀರು, ಡಾಂಬರು ಕಂಡ ಮೇಲೂ ರೋಮನ್ ಅಂಕಿಗಳು ಸ್ಪಷ್ಟವಾಗಿವೆ. ಚರ್ಚಿನಿಂದ ಮೈಲಿ ಎಣಿಸುವವರು ಈಗಿಲ್ಲ, ಹಾಗಾಗಿ ಕಲ್ಲು ಏನೆಂದು ತಿಳಿಸಲು ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡು ಬೇಕು.